ಹಬ್ಬದ ಬಣ್ಣ ಮತ್ತು ವ್ಯಾನಿನ ಅರ್ಥಿಂಗು

ಆಯುಧ ಪೂಜೆ ಹತ್ತಿರ ಬಂತೆಂದರೆ ನಮ್ಮ ಯಜಮಾನರಿಗೆ ಮೈಮೇಲೆ ದೇವರು ಬಂದ ಹಾಗೆ. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಹಬ್ಬಕ್ಕೆ ಮುಂಚೆ ಮೆಷಿನ್ನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ, ಹೊಸದಾಗಿ ಹಸಿರು ಬಣ್ಣ ಬಳಿದು, ಕುಂಕುಮವಿಟ್ಟು, ಬಾಳೆಕಂದು ಕಟ್ಟುವುದು ಪದ್ಧತಿ. ಮಿಕ್ಕ ಬಣ್ಣದ ಡಬ್ಬಿ ಪ್ರತಿ ವರ್ಷ ಬಾಗಲಗುಂಟೆಯ ನಮ್ಮ ಮನೆಗೆ ಬರುತ್ತಿತ್ತು. ಗೇಟು, ನೀರಿನ ಮೋಟರು, ನನ್ನ ಗ್ರೈಂಡರಿನ ಕಾಲು, ಯಾವುದನ್ನೂ ಅವರು ಬಿಟ್ಟವರಲ್ಲ. ಸ್ವಲ್ಪ ಹೊತ್ತು ಅಲ್ಲಾಡದೆ ಕೂತಿದ್ದರೆ ನನಗೂ ಒಂದು ಕೋಟ್ ಹೊಡೆಯುತ್ತಿದ್ದರೇನೋ.

ಆ ವರ್ಷ ಅವರ ಕಣ್ಣು ವ್ಯಾನಿನ ಮೇಲೆ ಬಿತ್ತು. ಸೆಕೆಂಡ್ ಹ್ಯಾಂಡ್ ವ್ಯಾನು ಅದು. ನಾನು ಬೆಳಿಗ್ಗೆ ಎದ್ದು ಅನ್ನ, ಸಾರು, ಪಲ್ಯ ಮಾಡಿ, ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಹೇರಿಕೊಂಡು ಪೀಣ್ಯದ ಸಣ್ಣ ಸಣ್ಣ ಶೆಡ್ಡುಗಳಿಗೆ ಊಟ ತಲುಪಿಸುತ್ತಿದ್ದೆ. ಕ್ಯಾಂಟೀನ್ ಇಲ್ಲದ ಜಾಗಗಳವು. ಕೆಲಸಕ್ಕಿದ್ದವರು ಬಹಳ ಮಂದಿ ಬಿಜಾಪುರ, ರಾಯಚೂರು ಕಡೆಯ ಹುಡುಗರು. ಅವರಿಗೋಸ್ಕರ ಶನಿವಾರ ಜೋಳದ ರೊಟ್ಟಿ ಕಲಿತೆ. ಮೊದಮೊದಲು ನನ್ನ ರೊಟ್ಟಿ ನೋಡಿ ಒಬ್ಬ, "ಅಕ್ಕಾರ, ಇದನ್ನ ತಿನ್ನಬೇಕೋ, ಮ್ಯಾಲೆ ಕುಂಡರಬೇಕೋ?" ಎಂದು ಕೇಳಿದ್ದ. ನಾನೂ ಬಿಡಲಿಲ್ಲ, "ಮೊದ್ಲು ಕೂತ್ಕೊಂಡು ನೋಡು, ಮೆತ್ತಗಾದ್ಮೇಲೆ ತಿನ್ನು" ಅಂದೆ.

ನಿಜ ಹೇಳಬೇಕೆಂದರೆ, ಅಡುಗೆಗಿಂತ ನನಗೆ ಇಷ್ಟವಿದ್ದದ್ದು ಆ ವ್ಯಾನು ಓಡಿಸುವುದು. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಡ್ರೈವಿಂಗ್ ಕಲಿತವಳು ನಾನು. ಹಿಂದೆ ಸಾರಿನ ಘಮ, ಎರಡೂ ಕಡೆ ಲಾರಿಗಳು, ಕೈಯಲ್ಲಿ ಸ್ಟೇರಿಂಗು. ಆ ಹೊತ್ತಿನಲ್ಲಿ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹಬ್ಬದ ಹಿಂದಿನ ದಿನ ನಮ್ಮ ಯಜಮಾನರು ಸೀಟು ಎತ್ತಿ, ಒಳಗಿನ ವೈರುಗಳನ್ನೆಲ್ಲ ಬಿಚ್ಚಿ, ಧೂಳು ತೆಗೆದು, ತಳದ ತಗಡಿಗೆಲ್ಲ ಹಸಿರು ಬಣ್ಣ ಬಳಿದರು. ಒಣಗಿದ ಮೇಲೆ ವೈರುಗಳನ್ನು ಮತ್ತೆ ಬಿಗಿದರು. ವ್ಯಾನು ಗಿಳಿಮರಿಯ ಹಾಗೆ ಹೊಳೆಯುತ್ತಿತ್ತು. ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು.

ಆಮೇಲೆ ಮಳೆ ಹಿಡಿಯಿತು ನೋಡಿ, ವ್ಯಾನು ಸತಾಯಿಸಲು ಶುರುಮಾಡಿತು. ಕೀ ತಿರುಗಿಸಿದರೆ ಒಮ್ಮೆ ಸ್ಟಾರ್ಟ್ ಆಗುತ್ತಿತ್ತು, ಇನ್ನೊಮ್ಮೆ ಬರೀ ಟಿಕ್ ಟಿಕ್. ಹಾರ್ನ್ ಒತ್ತಿದರೆ ನೆಗಡಿಯಾದ ಮೇಕೆಯ ದನಿ. ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ಆಗಲೂ ಅದೇ ರಾಗ. ಊಟ ತಡವಾಗಿ ಒಂದೆರಡು ಶೆಡ್ಡಿನವರು ಮುಖ ಗಂಟಿಕ್ಕಿದರು.

ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಮಹಡಿಯ ಮೇಲೆ ಇದ್ದರು. ಹೊಲವೆಲ್ಲ ಸೈಟಾದ ಮೇಲೆ ಬಾಡಿಗೆ ವಸೂಲಿ ಮಾಡುವುದು, ಸಲಹೆ ಕೊಡುವುದು, ಇವೆರಡೇ ಅವರ ಉದ್ಯೋಗ. ಅವರು ಮೆಟ್ಟಿಲ ಮೇಲೆ ನಿಂತೇ ತೀರ್ಪು ಕೊಟ್ಟರು. "ಗಾಡಿದೇನೂ ತಪ್ಪಿಲ್ಲಮ್ಮ, ಓಡ್ಸೋ ಕೈ ಸರಿ ಇಲ್ಲ. ಹೆಂಗಸ್ರು ಒರಟಾಗಿ ಕೀ ತಿರುಗಿಸ್ತಾರೆ, ಸ್ಟಾರ್ಟರ್ ಹೋಗುತ್ತೆ. ಮಾರ್ಬಿಡೋಣ. ನೀನು ಮನೇಲೇ ಅಡುಗೆ ಮಾಡು, ತಗೊಂಡೋಗಕ್ಕೆ ಯಾವ್ದಾದ್ರೂ ಆಟೋದವ್ನಿಗೆ ಹೇಳಿದ್ರಾಯ್ತು. ಭಾನುವಾರ ಒಬ್ರು ಬಂದು ನೋಡ್ತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅದಕ್ಕಿಂತ ಹೆಚ್ಚು ನೋವಾದದ್ದು ನಮ್ಮ ಯಜಮಾನರು ನೆಲ ನೋಡುತ್ತಾ ನಿಂತದ್ದು. ಅವರು ಅಣ್ಣನೆದುರು ತುಟಿ ಬಿಚ್ಚಿದವರೇ ಅಲ್ಲ. ಅವತ್ತು ರಾತ್ರಿಯ ಸಾರಿಗೆ ಉಪ್ಪು ಹಾಕಲಿಲ್ಲ. ಮರೆತದ್ದಲ್ಲ.

ಶನಿವಾರ ಮಧ್ಯಾಹ್ನ ಪಾತ್ರೆಗಳನ್ನೆಲ್ಲ ಹೇರಿ ಕೂತೆ. ಕೀ ತಿರುಗಿಸಿದೆ. ಟಿಕ್. ಮತ್ತೆ ತಿರುಗಿಸಿದೆ, ಮತ್ತೆ ಟಿಕ್. ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಕೈ ಸರಿ ಇಲ್ಲವಂತೆ, ಒರಟಂತೆ ಎಂದು ಗೊಣಗುತ್ತಾ ಕೀ ತಿರುಗಿಸುತ್ತಲೇ ಇದ್ದೆ. ಕೊನೆಗೆ ಇಳಿದು, ಸೀಟು ಎತ್ತಿ, ಏನು ಮಾಡಬೇಕೆಂದು ತಿಳಿಯದೆ ವೈರುಗಳನ್ನು ಅಲ್ಲಾಡಿಸಿದೆ. ಬ್ಯಾಟರಿಯ ಮೈನಸ್ಸಿನಿಂದ ಒಂದು ದಪ್ಪ ಕಪ್ಪು ವೈರು ಹೊರಟು ಗಾಡಿಯ ತಗಡಿಗೆ ಬೋಲ್ಟ್ ಆಗಿತ್ತು. ಆ ಬೋಲ್ಟು ಮುಟ್ಟಿದ್ದೇ ತಡ, ಬೆರಳು ಚುರ್ ಎಂದಿತು. ಒಲೆಯ ಮೇಲಿನ ಕಾವಲಿ ಮುಟ್ಟಿದ ಹಾಗೆ.

ನಮ್ಮ ಯಜಮಾನರಿಗೆ ಆ ವಾರ ಸೆಕೆಂಡ್ ಶಿಫ್ಟು, ಇನ್ನೂ ಮನೆಯಲ್ಲೇ ಇದ್ದರು. "ರೀ, ಇಲ್ಲಿ ಬನ್ನಿ. ಇಂಜಿನ್ನೇ ಸ್ಟಾರ್ಟ್ ಆಗಿಲ್ಲ, ಈ ಬೋಲ್ಟ್ ಯಾಕೆ ಇಷ್ಟೊಂದು ಬಿಸಿ ಇದೆ?" ಎಂದೆ.

ಅವರು ಕೈಯ ಹಿಂಬದಿ ಹತ್ತಿರ ಹಿಡಿದು ನೋಡಿದರು. ಕಾರ್ಖಾನೆಯಲ್ಲಿ ಸಡಿಲವಾದ ಜಾಯಿಂಟನ್ನು ಅವರು ಹುಡುಕುವುದೇ ಬಿಸಿಯಿಂದ. ಸ್ಪ್ಯಾನರ್ ತಂದರು, ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದರು, ಆಮೇಲೆ ಆ ಬೋಲ್ಟು. ವೈರಿನ ತುದಿಯ ಬಳೆ ಎತ್ತಿದಾಗ ಅದರಡಿಯಲ್ಲಿ ದುಂಡಗೆ, ದಪ್ಪಗೆ ಹಬ್ಬದ ಹಸಿರು ಬಣ್ಣ. ಬ್ಯಾಟರಿಯಿಂದ ಹೊರಟ ಕರೆಂಟು ಗಾಡಿಯ ತಗಡಿನ ಮೂಲಕವೇ ವಾಪಸು ಬರಬೇಕು, ಅದಕ್ಕೇ ಅರ್ಥಿಂಗ್ ಅನ್ನುವುದು. ಆ ಬಾಗಿಲಿಗೇ ಇವರು ಬಣ್ಣ ಬಳಿದಿದ್ದರು. ಅಲ್ಲಲ್ಲಿ ಬೋಲ್ಟು ಉಜ್ಜಿದ ಕಡೆ ಅಷ್ಟಿಷ್ಟು ದಾರಿಯಿತ್ತು, ಮಳೆಗೆ ಅದಕ್ಕೂ ತುಕ್ಕು ಹಿಡಿದಿತ್ತು.

"ಫ್ಯಾಕ್ಟ್ರೀಲಿ ಯಾವನಾದ್ರೂ ಅರ್ಥಿಂಗ್ ಪಟ್ಟಿಗೆ ಪೇಂಟ್ ಹೊಡೆದ್ರೆ ಅವ್ನಿಗೆ ಗ್ರಹಚಾರ ಬಿಡಿಸ್ತೀನಿ ನಾನು" ಎಂದರು ಮೆಲ್ಲಗೆ.

"ಈಗ ನಿಮಗ್ಯಾರು ಬಿಡಿಸ್ತಾರೆ?" ಅಂದೆ. ಅವರ ಮುಖ ನೋಡಿ ನನಗೆ ನಗು ಬಂದುಬಿಟ್ಟಿತು. ಅವರೂ ನಕ್ಕರು.

ಎಮರಿ ಪೇಪರಿನಲ್ಲಿ ಬಣ್ಣ, ತುಕ್ಕು ಎಲ್ಲ ತಿಕ್ಕಿ, ತಗಡು ಬೆಳ್ಳಗೆ ಹೊಳೆಯುವ ತನಕ ಬಿಡಲಿಲ್ಲ. ವೈರಿನ ಬಳೆಯನ್ನು ನಾನು ತಿಕ್ಕಿದೆ, ಪಾತ್ರೆ ತಿಕ್ಕಿದ ಕೈ ತಾನೇ. ಹಲ್ಲಿನ ವಾಷರ್ ಹಾಕಿ ಬಿಗಿದರು. ಮತ್ತೆ ನೀರು ಸೇರಬಾರದೆಂದು ಮೇಲಿಂದ ಸವರಲು ಗ್ರೀಸ್ ಹುಡುಕಿದರು, ಸಿಗಲಿಲ್ಲ. ನನ್ನ ಒಡೆದ ಹಿಮ್ಮಡಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿ ಕೊಟ್ಟೆ. ಇಂಜಿನ್ನಿನಿಂದ ತಗಡಿಗೆ ಬರುವ ಹೆಣೆದ ಪಟ್ಟಿಗೂ ಅದೇ ಉಪಚಾರವಾಯಿತು. ಕೀ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್. ಹಾರ್ನ್ ಒತ್ತಿದರೆ ಬೀದಿ ನಾಯಿ ಎದ್ದು ಓಡಿತು. ರೊಟ್ಟಿ ತಡವಾಗಿಯೇ ತಲುಪಿತು, ಬೈಸಿಕೊಂಡೆ, ಆದರೂ ದಾರಿಯುದ್ದಕ್ಕೂ ನಗುತ್ತಲೇ ಬಂದೆ.

ಭಾನುವಾರ ವ್ಯಾನು ನೋಡುವವರು ಬಂದೇಬಿಟ್ಟರು. ಬೇಡವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೀ ಇಸಿದುಕೊಂಡು ಸ್ಟಾರ್ಟ್ ಮಾಡಿ, ಲೈಟು ಹಾಕಿ, ಬೀದಿ ತುದಿಯವರೆಗೆ ಓಡಿಸಿ ತಂದರು. "ಗಾಡಿ ಸಕ್ಕತ್ತಾಗಿದೆ ಸಾರ್, ಒಂಚೂರೂ ಕಂಪ್ಲೇಂಟಿಲ್ಲ" ಎಂದರು. ಭಾವನವರ ಮುಖ ಅರಳಿತು. "ನೋಡ್ದ್ಯಾ, ರಿಪೇರಿ ಆಗಿದ್ದೂ ಒಳ್ಳೇದೇ ಆಯ್ತು. ಈಗ ಒಳ್ಳೆ ರೇಟು ಬರುತ್ತೆ" ಎಂದು ತಮ್ಮನ ಬೆನ್ನು ತಟ್ಟಿದರು.

ನನ್ನ ಕೈಯಾರೆ ತಿಕ್ಕಿ ಮಾರಾಟಕ್ಕೆ ಸಿಂಗರಿಸಿಕೊಟ್ಟೆನಲ್ಲ ಅನ್ನಿಸಿತು. ಬಾಗಿಲ ಹತ್ತಿರ ನಿಂತು ನಮ್ಮ ಯಜಮಾನರನ್ನೇ ನೋಡಿದೆ. ಅವರು ಎಂದಿನಂತೆ ನೆಲ ನೋಡುತ್ತಿದ್ದರು.

"ಏನ್ ಸಾರ್, ಮಾತಾಡೋಣ್ವಾ?" ಎಂದರು ಬಂದವರು.

"ನನ್ನ ಕೇಳ್ಬೇಡಿ ಸಾರ್" ಎಂದರು ನಮ್ಮ ಯಜಮಾನರು.

"ಲೇ, ಆರ್‌ಸಿ ನಿನ್ ಹೆಸ್ರಲ್ಲೇ ಇದೆಯಲ್ಲೋ?" ಎಂದರು ಭಾವ.

"ಹೆಸ್ರು ನಂದೇ ಅಣ್ಣ. ಗಾಡಿ ಅವಳ್ದು. ಕೆಡಿಸಿದ್ದೂ ನಾನೇ, ಅವಳ ಕೈ ಅಲ್ಲ."

ಬಂದವರು ನನ್ನ ಕಡೆ ತಿರುಗಿದರು. ಮೆಟ್ಟಿಲಿಳಿದು ಹೋಗಿ, ಕೀ ಕೊಡಿ ಎಂದು ಅವರ ಮುಂದೆ ಕೈ ಚಾಚಿದೆ. ಅವರು ಕೀ ಕೊಟ್ಟರು.