ಚಾರ್ಮಾಡಿಗೆ ಹೊರಟ ಕುಸ್ವಾರ್ ಡಬ್ಬ

ಕ್ರಿಸ್ಮಸ್‌ಗೆ ಇನ್ನೆರಡು ದಿನ ಇತ್ತು. ಗದ್ದೆಯ ಮೇಲಿನ ಮಂಜು ಕರಗುವ ಮೊದಲೇ ನಾನು ಶಿರ್ತಾಡಿಯ ನಮ್ಮ ಮನೆಯಿಂದ ಹೊರಟೆ. ಕೈಯಲ್ಲಿ ಬಟ್ಟೆಯ ಚೀಲ, ಹೆಗಲ ಮೇಲೆ ಬಿಸ್ಕತ್ತಿನ ಹಳೆಯ ದೊಡ್ಡ ಡಬ್ಬ, ಡಬ್ಬದ ತುಂಬ ಕುಸ್ವಾರ್. ಹಬ್ಬ ಹತ್ತಿರ ಬಂದಾಗ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮಾಡುವ ತಿಂಡಿಗಳಿಗೆಲ್ಲ ಸೇರಿ ಈ ಒಂದೇ ಹೆಸರು. ಸಕ್ಕರೆ ಪಾಕದಲ್ಲಿ ಹೊರಳಿಸಿದ ಕಿಡಿಯೊ, ಎಳ್ಳು ಕಾಯಿ ತುಂಬಿದ ನೆವ್ರಿ, ಹೂವಿನ ಅಚ್ಚಿನಿಂದ ಎಣ್ಣೆಗೆ ಬಿಡುವ ಕೊಕ್ಕಿಸಾಂ, ಎಲ್ಲವನ್ನೂ ಅಮ್ಮ ಹಿಂದಿನ ದಿನ ಒಬ್ಬಳೇ ಕೂತು ಮಾಡಿದ್ದಳು. ಒಂದು ಕಿಡಿಯೊ ಕದ್ದು ಬಾಯಿಗೆ ಹಾಕಿಕೊಂಡೆ. ಹಿಟ್ಟಿಗೆ ಹಾಕಬೇಕಾದ ಚಿಟಿಕೆ ಉಪ್ಪನ್ನು ಅಮ್ಮ ಪ್ರತಿವರ್ಷದಂತೆ ಈ ವರ್ಷವೂ ಮರೆತಿದ್ದಳು. ನಮ್ಮ ಮನೆಯಲ್ಲಿ ಇದೊಂದು ಹಳೆಯ ತಮಾಷೆ.

ಡಬ್ಬ ಹೊರಟದ್ದು ತಂಗಿ ಸಿಸಿಲಿಯ ಮನೆಗೆ. ಚಾರ್ಮಾಡಿಗಿಂತ ಸ್ವಲ್ಪ ಈಚೆ, ಘಾಟಿ ರಸ್ತೆಯ ಬದಿಯಲ್ಲಿ ಅವಳ ಗಂಡನ ಮನೆ. ಗಂಡ ಪಾವ್ಲು ಮುಂಬಯಿಯಿಂದ ಹೋಗುವ ಸರಕು ಹಡಗಿನಲ್ಲಿ ಅಡಿಗೆಯವ. ಈಸ್ಟರಿನ ಮೊದಲು ಬಂದದ್ದೇ ಅವನ ಕೊನೆಯ ಕಾಗದ. ಮಳೆಗಾಲದಲ್ಲಿ ಮುಂಬಯಿಯಿಂದ ಊರಿಗೆ ಬಂದವನೊಬ್ಬ ಬಂಟ್ವಾಳದ ಪೇಟೆಯಲ್ಲಿ, ಪಾವ್ಲುವಿನ ಹಡಗಿನಿಂದ ಯಾರೋ ಒಬ್ಬ ನೀರಿಗೆ ಬಿದ್ದನಂತೆ ಎಂದು ಹೇಳಿದ. ಯಾರೆಂದು ಅವನಿಗೂ ಗೊತ್ತಿರಲಿಲ್ಲ. ನಾವು ಎರಡು ಸಲ ಬರೆದು ಕೇಳಿದೆವು, ಉತ್ತರ ಬರಲಿಲ್ಲ. ಸಿಸಿಲಿ ಮಾತ್ರ ಗಂಡ ಇದ್ದಾನೆ ಎನ್ನುತ್ತಿದ್ದಳು. ಅಮ್ಮ ಏನೂ ಎನ್ನುತ್ತಿರಲಿಲ್ಲ.

ಹೊರಡುವಾಗ ಅಮ್ಮ ಎರಡು ಮಾತು ಹೇಳಿದ್ದಳು. ಡಬ್ಬವನ್ನು ಸಿಸಿಲಿಯ ಕೈಗೆ ಕೊಡಬೇಡ, ಅವಳ ಅತ್ತೆಯ ಕೈಗೆ ಕೊಡು ಎಂಬುದು ಒಂದು. ಹಬ್ಬಕ್ಕೆ ನಮ್ಮ ಮನೆಯ ಮುಂದೆ ತೂಗುಹಾಕುವ ಕಾಗದದ ನಕ್ಷತ್ರವನ್ನು ಈಗ ಕಟ್ಟಬೇಡ, ಹೋಗಿ ಬಾ, ಆಮೇಲೆ ನೋಡುವ ಎಂಬುದು ಇನ್ನೊಂದು. ನಾನು ತಲೆಯಾಡಿಸಿ ಹೊರಟೆ. ಅಮ್ಮನ ಮಾತಿಗೆ ಯಾಕೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ.

ಮೂಡುಬಿದಿರೆಯಲ್ಲಿ ಇಳಿದು ಸಿಸಿಲಿಯ ಮಕ್ಕಳಿಗೆಂದು ನಕ್ಷತ್ರಕ್ಕೆ ಅಂಟಿಸುವ ಬಣ್ಣದ ಕಾಗದ ಕೊಂಡೆ, ಗೋಳಿಬಜೆ ತಿಂದು ಚಾ ಕುಡಿದೆ. ವೇಣೂರಿನ ಮೇಲಾಗಿ ಬೆಳ್ತಂಗಡಿಗೆ ಹೋಗುವ ಬಸ್ಸು ಒಂದು ಗಂಟೆ ತಡವಾಗಿ ಬಂತು. ದಾರಿ ಇಪ್ಪತ್ತು ಮೈಲಿಗಿಂತ ಸ್ವಲ್ಪ ಹೆಚ್ಚು, ಟಿಕೇಟು ಒಂದು ರೂಪಾಯಿಯ ಒಳಗೆ. ತಿರುವು ಕಂಡರೆ ನನ್ನ ಹೊಟ್ಟೆ ತೊಳಸುತ್ತದೆ. ಆ ರಸ್ತೆಯಲ್ಲಿ ತಿರುವು ಬಿಟ್ಟರೆ ಬೇರೇನಿಲ್ಲ. ಕಂಡಕ್ಟರು ನನ್ನ ಮುಖ ನೋಡಿ ಕಿಟಕಿಯ ಬದಿಗೆ ಜಾಗ ಮಾಡಿಸಿ, "ಪೊರ್ಬುಗಳೇ, ಬೇಕಾದರೆ ಹೊರಗೆ ಮಾಡಿ, ಡಬ್ಬದ ಒಳಗೆ ಬೇಡ" ಎಂದ. ಕ್ರೈಸ್ತರನ್ನು ನಮ್ಮ ಕಡೆ ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತಾರೆ. ಮರ್ಯಾದೆ ಅಷ್ಟಕ್ಕೇ ಮುಗಿಯಿತು, ಬಸ್ಸಿಗೆ ಬಸ್ಸೇ ನಕ್ಕಿತು.

ಪಕ್ಕದಲ್ಲಿ ಕಪ್ಪು ಸೀರೆಯ ಒಬ್ಬ ಮುದುಕಿ ಕೂತಿದ್ದರು. ಹೆಸರು ಕಾರ್ಮಿನ್ ಬಾಯಿ, ಗುರುವಾಯನಕೆರೆಯವರು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ನಾವು ಮಾತಾಡಿದ್ದು ಕೊಂಕಣಿಯಲ್ಲಿ, ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಬ್ಬದಲ್ಲಿ ಏನು, ಯಾರಿಗೆ ಎಂದು ಅವರು ವಿಚಾರಿಸಿದರು. ನಾನು ಹೇಳಿದೆ.

"ಪಾಪ. ತಂಗಿಯ ಮನೆಯಲ್ಲಿ ಯಾರು ತೀರಿಕೊಂಡದ್ದು?" ಎಂದರು.

ಯಾರೂ ಇಲ್ಲ ಎಂದೆ.

"ಮತ್ತೆ ಇಷ್ಟು ದೊಡ್ಡ ಡಬ್ಬ ತುಂಬ ಮಾಡಿದ ಕುಸ್ವಾರ್ ಯಾಕೆ ಹೊತ್ತುಕೊಂಡು ಹೋಗ್ತೀರಿ? ಅವಳ ಮನೆಯಲ್ಲಿ ಒಲೆ ಇಲ್ವಾ?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಹಬ್ಬಕ್ಕೆ ಪ್ರತಿ ಮನೆಯೂ ಕುಸ್ವಾರ್ ಮಾಡುತ್ತದೆ, ಬಟ್ಟಲುಗಳು ಮನೆಯಿಂದ ಮನೆಗೆ ಹೋಗುತ್ತವೆ, ಬರುತ್ತವೆ. ಸಾವಾದ ಮನೆಯಲ್ಲಿ ಮಾತ್ರ ಆ ವರ್ಷ ಒಲೆಗೆ ಎಣ್ಣೆ ಇಡುವುದಿಲ್ಲ, ನಕ್ಷತ್ರ ಕಟ್ಟುವುದಿಲ್ಲ. ಆ ಮನೆಗೆ ಉಳಿದವರ ಬಟ್ಟಲು ಬರುತ್ತದೆ, ಮನೆಯ ಹಿರಿಯ ಹೆಂಗಸು ಅದನ್ನು ತೆಗೆದುಕೊಳ್ಳುತ್ತಾಳೆ, ಅಲ್ಲಿಂದ ಯಾವುದೂ ಹೊರಗೆ ಹೋಗುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಸಕ್ಕರೆಗೆ ರೇಶನ್ ಕಾರ್ಡು ಬಂದ ಕಾಲ, ಮಗಳಿಗೆ ಸಿಗಲಿಕ್ಕಿಲ್ಲ ಎಂದು ಅಮ್ಮ ಮಾಡಿಕೊಟ್ಟಳು ಎಂದು ನಾನು ತಿಳಿದಿದ್ದೆ. ಅತ್ತೆಯ ಕೈಗೆ ಕೊಡು ಎಂದದ್ದು ಯಾಕೆ, ನಕ್ಷತ್ರ ಬೇಡ ಎಂದದ್ದು ಯಾಕೆ, ಎಲ್ಲ ಈಗ ಅರ್ಥವಾಯಿತು. ಅಳಿಯ ಸತ್ತಿದ್ದಾನೆಂದು ಅಮ್ಮ ತೀರ್ಮಾನಿಸಿದ್ದಳು. ಆ ತೀರ್ಮಾನವನ್ನು ನನ್ನ ಹೆಗಲ ಮೇಲಿಟ್ಟು ಕಳಿಸಿದ್ದಳು.

ಡಬ್ಬ ಹೊತ್ತು ನಾನು ಸಿಸಿಲಿಯ ಅಂಗಳಕ್ಕೆ ಕಾಲಿಟ್ಟರೆ ನೆರೆಯವರು ನೋಡುತ್ತಾರೆ. ತವರಿನವರೇ ಸಾವಿನ ಬಟ್ಟಲು ತಂದರು, ಇನ್ನು ಕಾಯುವುದು ಏನನ್ನು ಎನ್ನುತ್ತಾರೆ. ಸಂಜೆಯೊಳಗೆ ಎಲ್ಲ ಮನೆಗಳಿಂದ ಬಟ್ಟಲು ಬರುತ್ತದೆ. ಸಿಸಿಲಿ ಒಂದು ಮಾತೂ ಆಡದೆ ವಿಧವೆಯಾಗುತ್ತಾಳೆ. ಬರಿಗೈಯಲ್ಲಿ ಹೋದರೂ ಕಷ್ಟವೇ. ಅವಳ ಮನೆಯಲ್ಲಿ ಸಕ್ಕರೆ, ಮೈದಾ ಇಲ್ಲದಿದ್ದರೆ ಎಣ್ಣೆ ಇಡುವುದು ಹೇಗೆ?

ಇದನ್ನೆಲ್ಲ ಕಾರ್ಮಿನ್ ಬಾಯಿಗೆ ಹೇಳಿದೆ. ವೇಣೂರು ದಾಟುವವರೆಗೆ ಅವರು ಜಪಮಣಿ ಎಣಿಸಿದರು. ಆಮೇಲೆ, ತಮ್ಮ ಮನೆಯಲ್ಲಿ ಈ ಸಲ ಎಣ್ಣೆ ಇಡುವುದಿಲ್ಲ, ಕಾರ್ಡಿನ ಸಕ್ಕರೆ ಹಾಗೆಯೇ ಉಂಟು, ಮಗ ಮಂಗಳೂರಿನಿಂದ ತಂದ ಮೈದಾ ಸಹ ಉಂಟು ಎಂದರು. "ನಮಗೆ ಮಾಡಿದ್ದು ಬರಬೇಕು, ನಿಮ್ಮ ತಂಗಿಗೆ ಮಾಡ್ಲಿಕ್ಕೆ ಬೇಕು. ಇಳಿಯುವ."

ಗುರುವಾಯನಕೆರೆಯಲ್ಲಿ ಇಳಿದೆವು. ಅವರ ಮನೆ ರಸ್ತೆಯಿಂದ ಅರ್ಧ ಮೈಲಿ ಒಳಗೆ. ಬಿಸಿಲು ಏರಿತ್ತು, ಅವರ ನಡಿಗೆ ನಿಧಾನ. ಬೆಳ್ತಂಗಡಿಯಿಂದ ಚಾರ್ಮಾಡಿಯ ಕಡೆಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಮತ್ತೆ ಮರುದಿನವೇ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು. ಆದರೆ ಅವರಿಗೆ ಬೇಗ ನಡೆಯಿರಿ ಎಂದು ಹೇಗೆ ಹೇಳಲಿ? ಮನೆಯಲ್ಲಿ ಅವರು ಮೊಣಕಾಲೂರಿ ಡಬ್ಬದ ತಿಂಡಿಯನ್ನು ತಮ್ಮ ಬುಟ್ಟಿಗೆ ಸುರಿದುಕೊಂಡರು. ಗಂಡನ ಫೋಟೋದ ಮುಂದೆ ಒಂದು ನೆವ್ರಿ ಇಟ್ಟರು. ಆರು ತಿಂಗಳಲ್ಲಿ ಹೊರಗಿನ ಊರಿನಿಂದ ಬಂದ ಮೊದಲ ಬಟ್ಟಲು ಇದು ಎಂದು ನನ್ನ ಕೈ ಹಿಡಿದುಕೊಂಡರು. ಖಾಲಿ ಡಬ್ಬದೊಳಗೆ ಸಕ್ಕರೆ, ಮೈದಾ, ಒಂದು ಸೀಸೆ ಎಣ್ಣೆ, ತಮ್ಮ ಕೊಕ್ಕಿಸಾಂ ಅಚ್ಚು ಇಟ್ಟುಕೊಟ್ಟರು. ಅಚ್ಚನ್ನು ಮುಂದಿನ ವರ್ಷ ತಲುಪಿಸಿದರೆ ಸಾಕಂತೆ.

ಬಸ್ಸು ತಪ್ಪಿತು. ಬೆಳ್ತಂಗಡಿಯವರೆಗೆ ನಡೆದೆ. ಅಲ್ಲಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಹೋಗುವ ಒಣಮೀನಿನ ಲಾರಿಯೊಂದು ಸಿಕ್ಕಿತು. ಒಳಗೆ ಜಾಗವಿಲ್ಲ, ಮೂಟೆಗಳ ಮೇಲೆ ಕೂರಬೇಕು. ಮೈದಾಕ್ಕೆ ಮೀನಿನ ವಾಸನೆ ಹಿಡಿದೀತೆಂದು ಡಬ್ಬಕ್ಕೆ ನನ್ನ ಕೋಟು ಸುತ್ತಿ ಹೊಟ್ಟೆಗೆ ಅವಚಿಕೊಂಡು ಕೂತೆ. ಉಜಿರೆಯಲ್ಲಿ ಎಂಜಿನ್ ಕಾದು ಲಾರಿ ನಿಂತುಬಿಟ್ಟಿತು. ಡ್ರೈವರು ನೀರು ತರಿಸಿ, ಬೀಡಿ ಹಚ್ಚಿ, ಇಂಥ ಗಾಡಿಗೆ ಗಡಿಬಿಡಿ ಮಾಡಿದರೆ ಆಗುವುದಿಲ್ಲ ಎಂದು ನನಗೇ ಬುದ್ಧಿ ಹೇಳಿದ. ಮುಂಡಾಜೆ ದಾಟುವಾಗ ಬಿಸಿಲು ಕೆಂಪಾಗಿತ್ತು. ದಾರಿಯ ಬದಿಯ ಕ್ರೈಸ್ತರ ಮನೆಗಳಲ್ಲಿ ನಕ್ಷತ್ರ ಕಟ್ಟಿಯಾಗಿತ್ತು, ಎಣ್ಣೆಯ ಘಮಲು ಲಾರಿಯ ಮೇಲಿನವರೆಗೂ ಬರುತ್ತಿತ್ತು.

ಸಿಸಿಲಿಯ ಮನೆಗೆ ನಕ್ಷತ್ರ ಇರಲಿಲ್ಲ. ಅಂಗಳ ಹತ್ತುವಾಗಲೇ ಬಾಗಿಲಲ್ಲಿ ನೆರೆಮನೆಯ ಜುಲಿಯಾನ ಬಾಯಿ ಕಾಣಿಸಿದರು. ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ಬಟ್ಟಲು. ಎದುರಿಗೆ ಸಿಸಿಲಿಯ ಅತ್ತೆ, ಕೈ ಮುಂದೆ ಮಾಡಿದ್ದರು. ಅವರು ಉಟ್ಟದ್ದು ಕಪ್ಪು ಸೀರೆ. ಸಿಸಿಲಿ ಅವರ ಹಿಂದೆ ಗೋಡೆ ಹಿಡಿದು ನಿಂತಿದ್ದಳು, ಎರಡೂ ಮಕ್ಕಳು ಅವಳ ಸೆರಗು ಹಿಡಿದಿದ್ದರು.

ನಾನು ನಮಸ್ಕಾರವನ್ನೂ ಹೇಳದೆ ನಡುವೆ ಹೋಗಿ ನಿಂತೆ. "ಜುಲಿಯಾನ ಬಾಯಿ, ತಡವಾದದ್ದು ನನ್ನಿಂದ. ಮೈದಾ ಸಕ್ಕರೆ ಈಗ ಬಂತು. ಇಲ್ಲಿ ಇವತ್ತು ಎಣ್ಣೆ ಇಡ್ತಾರೆ. ನಾಳೆ ನಮ್ಮ ಬಟ್ಟಲು ನಿಮ್ಮಲ್ಲಿಗೆ ಬರಲಿ, ಆಮೇಲೆ ನಿಮ್ಮದು ಇಲ್ಲಿಗೆ."

ಜುಲಿಯಾನ ಬಾಯಿ ಕೆಟ್ಟವರಲ್ಲ. ಅವರು ಗಾಬರಿಯಿಂದ ಅತ್ತೆಯ ಮುಖ ನೋಡಿದರು. ಅತ್ತೆ ಕೈ ಹಿಂದೆ ತೆಗೆಯಲಿಲ್ಲ.

"ನನ್ನ ಮಗ ಅವನು," ಎಂದರು ಅತ್ತೆ. "ಇಷ್ಟು ದಿನ ಕಾದೆ. ಇನ್ನು ನನಗೆ ಅಳ್ಲಿಕ್ಕಾದರೂ ಬಿಡಿ."

ದಾರಿಯುದ್ದಕ್ಕೂ ನಾನು ಸಿಸಿಲಿಯ ಬಗ್ಗೆ ಮಾತ್ರ ಯೋಚಿಸಿದ್ದೆ. ಈ ಮುದುಕಿಗೆ ಆ ಬಟ್ಟಲು ಒಂದು ಬಿಡುಗಡೆ ಎಂದು ನನ್ನ ತಲೆಗೆ ಬಂದಿರಲಿಲ್ಲ. ಸಿಸಿಲಿ ಗೋಡೆ ಬಿಟ್ಟು ಮುಂದೆ ಬಂದಳು, ಅತ್ತೆಯ ಎರಡೂ ಕೈಗಳನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

"ಅತ್ತುಬಿಡಿ ಅತ್ತೆ. ನಾನು ಬೇಡ ಹೇಳುವುದಿಲ್ಲ, ನಾನೂ ಅಳ್ತೇನೆ. ಬಟ್ಟಲು ಮಾತ್ರ ತಕ್ಕೊಳ್ಬೇಡಿ."

ಜುಲಿಯಾನ ಬಾಯಿ ಬಟ್ಟಲನ್ನು ಸೆರಗಿನೊಳಗೆ ಮಾಡಿಕೊಂಡು, ನಾಳೆ ಬರುತ್ತೇನೆಂದು ಇಳಿದು ಹೋದರು. ಅತ್ತೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಅವರು ಅಳುವುದು ನಮಗೆ ಕೇಳಿಸುತ್ತಿತ್ತು. ಅದನ್ನು ಕೇಳುತ್ತಲೇ ಸಿಸಿಲಿ ಮೈದಾ ಕಲಸಿದಳು. ಇಂಥ ಹಬ್ಬದ ತಯಾರಿ ನಾನು ಎಲ್ಲಿಯೂ ನೋಡಿದ್ದಿಲ್ಲ. ಮಕ್ಕಳು ಮತ್ತು ನಾನು ಹೊಸ ಬಾಚಣಿಗೆಗಳ ಬೆನ್ನಿನ ಮೇಲೆ ಹಿಟ್ಟಿನ ಚೂರುಗಳನ್ನು ಒತ್ತಿ ಸುರುಳಿ ಮಾಡಿ ಕಿಡಿಯೊ ಮಾಡಿದೆವು. ನನ್ನವು ಹುಳದ ಹಾಗಿವೆ ಎಂದು ಸಣ್ಣವಳು ಹೇಳಿದಾಗ ಸಿಸಿಲಿ ಮೊದಲ ಸಲ ನಕ್ಕಳು.

ಕೊಕ್ಕಿಸಾಂ ಮಾತ್ರ ಕೈಕೊಟ್ಟಿತು. ಅಚ್ಚಿನಿಂದ ಹಿಟ್ಟು ಬಿಡಲಿಲ್ಲ, ಒಂದಾದ ಮೇಲೊಂದು ಹರಿದು ಎಣ್ಣೆಯಲ್ಲಿ ಕರಟಿತು. ಇದ್ದ ಎಣ್ಣೆ ಒಂದೇ ಸೀಸೆ. ಸಿಸಿಲಿ ಕರಟಿದ ಚೂರುಗಳನ್ನು ತೆಗೆದು ಮತ್ತೆ ಅಚ್ಚು ಅದ್ದಿದಳು. ಆಗ ಕೋಣೆಯ ಬಾಗಿಲು ತೆರೆಯಿತು. ಅತ್ತೆ ಊದಿದ ಕಣ್ಣಿನಲ್ಲೇ ಬಂದು ಒಲೆಯ ಮುಂದೆ ಕೂತು ಸೊಸೆಯ ಕೈಯಿಂದ ಅಚ್ಚು ತೆಗೆದುಕೊಂಡರು. ಅದನ್ನು ಎಣ್ಣೆಯಲ್ಲಿ ಮುಳುಗಿಸಿ ಚೆನ್ನಾಗಿ ಕಾಯುವವರೆಗೆ ಹಿಡಿದರು, ಆಮೇಲೆ ಹಿಟ್ಟಿಗೆ ಅದ್ದಿದರು. ಹೂವು ತಾನಾಗಿ ಕಳಚಿ ತೇಲಿತು. "ಪಾವ್ಲುವಿಗೆ ಕೊಕ್ಕಿಸಾಂ ಕೆಂಪಗಾಗಬೇಕು," ಎಂದು ಅವರು ಮತ್ತೊಂದನ್ನು ಬಿಟ್ಟರು.

ಮರುದಿನ ಬೆಳಿಗ್ಗೆ ಪಾವ್ಲು ಮಾಡಿಟ್ಟಿದ್ದ ಬಿದಿರಿನ ಚೌಕಟ್ಟಿಗೆ ಮೂಡುಬಿದಿರೆಯ ಕಾಗದ ಅಂಟಿಸಿ ನಕ್ಷತ್ರ ಕಟ್ಟಿದೆ. ಸಿಸಿಲಿ ತಾನೇ ಬಟ್ಟಲುಗಳನ್ನು ಹಿಡಿದು ಮನೆಮನೆಗೆ ಹೋದಳು. ಜುಲಿಯಾನ ಬಾಯಿ ಅಂಗಳಕ್ಕೆ ಇಳಿದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡದ್ದನ್ನು ನಾನು ನೋಡಿದೆ. ಯಾವ ಮನೆಯಲ್ಲಿಯೂ ಬೇಡ ಎನ್ನಲಿಲ್ಲ. ಅತ್ತೆ ಕಪ್ಪು ಸೀರೆ ಬದಲಿಸಲಿಲ್ಲ, ಬದಲಿಸಿ ಎಂದು ಯಾರೂ ಹೇಳಲೂ ಇಲ್ಲ.

ನಾನು ಹೊರಡುವಾಗ ಸಿಸಿಲಿ ನನ್ನ ಡಬ್ಬ ತುಂಬಿಸಲು ಕೂತಳು. ಅಡಿಯ ಕಾಗದ ತೆಗೆದಾಗ ಮೂಲೆಯಲ್ಲಿ ಒಂದು ಕಿಡಿಯೊ ಅಂಟಿಕೊಂಡಿತ್ತು. ಅವಳು ಅದನ್ನು ಬಿಡಿಸಿ ನೋಡಿದಳು, ಬಾಯಿಗೆ ಹಾಕಿಕೊಂಡಳು. ನಾನು ಚಪ್ಪಲಿ ಹುಡುಕುವವನ ಹಾಗೆ ಆಚೆ ತಿರುಗಿದೆ.

"ಅಮ್ಮ ಈ ಸಲವೂ ಉಪ್ಪು ಮರೆತಿದ್ದಾಳೆ," ಎಂದಳು.

ಡಬ್ಬದಲ್ಲಿ ಮೊದಲು ಏನಿತ್ತು, ಅಮ್ಮ ಅದನ್ನು ಯಾಕೆ ಕಳಿಸಿದ್ದಳು ಎಂದು ಅವಳಿಗೆ ತಿಳಿದುಹೋಗಿತ್ತು. ಹೊಸ ಕಾಗದ ಹಾಸಿ ಕಿಡಿಯೊ, ನೆವ್ರಿ, ಕೆಂಪು ಕೊಕ್ಕಿಸಾಂ ತುಂಬಿದಳು, ಮುಚ್ಚಳ ಬಿಗಿದಳು. "ಅಣ್ಣ, ಇದನ್ನು ಬೇರೆ ಯಾರ ಕೈಗೂ ಕೊಡಬೇಡ. ಅಮ್ಮನ ಕೈಗೇ ಕೊಡು. ನೀನು ನೋಡ್ತಾ ಇರುವಾಗಲೇ ಅವಳು ಒಂದು ತಿನ್ನಬೇಕು."

ಹಿಂದಿರುಗುವ ದಾರಿಯಲ್ಲಿ ಎಲ್ಲ ಬಸ್ಸುಗಳೂ ಸಮಯಕ್ಕೆ ಸರಿಯಾಗಿ ಸಿಕ್ಕಿದವು. ಅಮ್ಮನಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಶಿರ್ತಾಡಿಯಲ್ಲಿ ಇಳಿಯುವಾಗ ಬಿಸಿಲು ಆರುತ್ತಿತ್ತು, ನೆರೆಹೊರೆಯ ಕ್ರೈಸ್ತರ ಮನೆಗಳಲ್ಲಿ ನಮ್ಮದಕ್ಕೆ ಮಾತ್ರ ನಕ್ಷತ್ರ ಇರಲಿಲ್ಲ. ಅಮ್ಮ ಮೆಟ್ಟಿಲಲ್ಲೇ ಕಾಯುತ್ತಿದ್ದಳು. ತುಂಬಿದ ಡಬ್ಬ ಹಿಂದಕ್ಕೆ ಬಂದದ್ದು ಕಂಡು ಅವಳ ಮುಖ ಬಿಳಿಚಿತು.

ಸಿಸಿಲಿ ಮಾಡಿ ಕಳಿಸಿದ್ದು ಎಂದಷ್ಟೇ ಹೇಳಿ ಅವಳ ಕೈಗಿಟ್ಟೆ. ಅಮ್ಮ ಮುಚ್ಚಳ ತೆಗೆದಳು, ತುಂಬ ಹೊತ್ತು ಒಳಗೆ ನೋಡಿದಳು. ಮಗಳ ಮನೆಯಿಂದ ಬಟ್ಟಲು ಬಂದಿದೆ ಎಂದರೆ ಏನರ್ಥ ಎಂದು ಅವಳಿಗೆ ನಾನು ವಿವರಿಸಬೇಕಾಗಿರಲಿಲ್ಲ. ಒಂದು ಕಿಡಿಯೊ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಕಣ್ಣಿನ ನೀರು ಗಲ್ಲಕ್ಕೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ.

"ಉಪ್ಪು ಸರಿಯಾಗಿ ಹಾಕಿದ್ದಾಳೆ," ಎಂದಳು. ಮತ್ತೆ ಡಬ್ಬದ ಮುಚ್ಚಳ ಹಾಕಿ, "ನಕ್ಷತ್ರ ಎಲ್ಲಿ ಇಟ್ಟಿದ್ದೀ? ಕತ್ತಲೆಯಾಗುವ ಮೊದಲು ಕಟ್ಟು" ಎಂದು ನನ್ನನ್ನು ಒಳಗೆ ಕಳಿಸಿದಳು.