ವಿಲ್ಫ್ ತುಂಬಿದ ಸಿಮೆಂಟು

ನಮ್ಮ ಸಾಲಿನ ಹದಿನಾಲ್ಕು ಮನೆಗಳೂ ಒಂದಕ್ಕೊಂದು ಅಂಟಿಕೊಂಡೇ ಬೆಟ್ಟ ಹತ್ತುತ್ತವೆ. ಹಿಂದೆ ಗಿರಣಿ ಕೆಲಸಗಾರರಿಗೆಂದು ಕಟ್ಟಿದ್ದು; ಯಾರ್ಕ್‌ಷೈರಿನ ಮರಳುಗಲ್ಲು, ನಡುವೆ ಸುಣ್ಣದ ಗಾರೆ. ಒಬ್ಬರ ಗೋಡೆ ಕೆಟ್ಟರೆ ಪಕ್ಕದವರ ಕೋಣೆಗೆ ಬೂಷ್ಟು. ಏಳನೆಯ ಮನೆಯವಳಾದ ನನಗೆ ಅದು ಚೆನ್ನಾಗಿ ಗೊತ್ತು. ಎಂಟನೆಯದು ಮೇವಿಸ್ ಕ್ರ್ಯಾಬ್‌ಟ್ರೀಯ ಮನೆ.

ವಿಲ್ಫ್ ಗ್ರೀನ್‌ವುಡ್ ಮೇಲಿನ ಕೊನೆಯ ಮನೆಯವನು, ಕಲ್ಲುಕೆಲಸದವನು. ಈಗ ಎಪ್ಪತ್ತೆಂಟು. ಮೂವತ್ತು ವರ್ಷದ ಹಿಂದೆ ಇಡೀ ಸಾಲಿನ ಹಳೆ ಗಾರೆ ಕೆರೆದು, ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿದವನು ಇವನೇ. ಆಗ ನಾವೆಲ್ಲ ಕೇಕ್ ಕೊಟ್ಟು ಹೊಗಳಿದೆವು. ಆಮೇಲೆ ತಿಳಿಯಿತು, ಸಿಮೆಂಟು ಹಾಕಿದ ಗೋಡೆಯಲ್ಲಿ ನೀರು ಆರುವುದಿಲ್ಲ. ಒಳಗೇ ನಿಂತು, ಚಳಿಗೆ ಹೆಪ್ಪುಗಟ್ಟಿ, ಕಲ್ಲಿನ ಮುಖವನ್ನೇ ಸುಲಿಯುತ್ತದೆ. ಹತ್ತು ವರ್ಷದಿಂದ ವಿಲ್ಫ್ ತಾನು ತುಂಬಿದ್ದನ್ನು ತಾನೇ ಕೆರೆದು ಮತ್ತೆ ಸುಣ್ಣ ತುಂಬುತ್ತಿದ್ದಾನೆ, ಬಿಟ್ಟಿಯಾಗಿ. ಹದಿಮೂರು ಮನೆ ಮುಗಿದವು. ಮೇವಿಸ್ ಮಾತ್ರ ಗೋಡೆ ಮುಟ್ಟಗೊಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅವಳ ಕಿಟಕಿಯ ಮೇಲಿನ ಅಡ್ಡಗಲ್ಲು ಬಿರುಕು ಬಿಟ್ಟಿದೆ; ಇನ್ನೊಂದು ಚಳಿಗಾಲ ತಡೆಯುವುದು ಅನುಮಾನ.

ಹಿಮ ಕಟ್ಟತೊಡಗಿದರೆ ಹಸಿ ಗಾರೆ ಪುಡಿಯಾಗುತ್ತದೆ. ಹಾಗಾಗಿ ಈ ಅಕ್ಟೋಬರಿನಲ್ಲಿ ಅವನು ದಿನಾ ಅವಳ ಬಾಗಿಲು ಬಡಿದ. ನನಗಂತೂ ಇಬ್ಬರ ಮೇಲೂ ರೇಗಿಹೋಗಿತ್ತು.

“ಕಲ್ಲು ಬಿಸ್ಕತ್ತಿನ ಹಾಗೆ ಉದುರ್ತಾ ಇದೆ ಕಣಮ್ಮ! ಕಣ್ ಕಾಣ್ಸಲ್ವಾ ಮೇವಿಸ್?”

“ಮೂವತ್ತು ವರ್ಷದ ಹಿಂದೇನೇ ಕಾಣಿಸ್ತು. ನಮ್ಮಪ್ಪನೂ ಕಲ್ಲುಕೆಲ್ಸದೋನೇ. ಸಿಮೆಂಟ್ ಬೇಡ, ಗೋಡೆ ಉಸಿರಾಡ್ಬೇಕು ಅಂದೆ. ನೀನೇನಂದೆ?”

ವಿಲ್ಫ್ ಉದುರಿದ ಕಲ್ಲಿನ ಚೂರೊಂದನ್ನು ಬೂಟಿನಿಂದ ಪಕ್ಕಕ್ಕೆ ತಳ್ಳಿದ.

“‘ಹೋಗಿ ಟೀ ಮಾಡು ಹೋಗು’ ಅಂದೆ. ಬೀದಿಗೆ ಬೀದೀನೇ ನಕ್ತು.” ಮೇವಿಸ್ ಪಕ್ಕದ ಬಾಗಿಲಲ್ಲಿ ನಿಂತಿದ್ದ ನನ್ನತ್ತ ಕೈ ತೋರಿಸಿದಳು. “ಇವ್ಳೂ ನಕ್ಕಳು.”

ನಕ್ಕಿದ್ದು ನಿಜ.

“ಈಗೇನ್ಮಾಡು ಅಂತೀಯ?”

“ತಪ್ಪಾಯ್ತು ಅನ್ನು. ಬೀದೀಲಿ ನಿಂತು, ಎಲ್ಲಾರ್ಗೂ ಕೇಳೋ ಹಾಗೆ. ಆಮೇಲೆ ಎಷ್ಟ್ ಬೇಕಾದ್ರೂ ಕೆರ್ಕೋ.”

“ನಿಂಗೆ ತಲೆ ಕೆಟ್ಟಿದೆ,” ಎಂದು ಗೊಣಗುತ್ತ ಅವನು ಬೆಟ್ಟ ಹತ್ತಿದ. ಹದಿಮೂರು ಮನೆಗೆ ಬೆನ್ನು ಬಗ್ಗಿಸಿದವನಿಗೆ ಒಂದು ಮಾತಿಗೆ ನಾಲಿಗೆ ಬಗ್ಗಲಿಲ್ಲ. ಒಣ ಹವೆಯ ಮೂರು ವಾರ ಸುಮ್ಮನೆ ಕಳೆದವು.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ವಿಲ್ಫ್ ಬೀದಿಯ ನಡುವೆ ನಿಂತು, ಟೋಪಿ ತೆಗೆದು ಕೂಗಿದ: “ತಪ್ಪಾಯ್ತು ಮೇವಿಸ್! ನೀನ್ ಹೇಳಿದ್ದೇ ಸರಿ, ನಾನೇ ದಡ್ಡ!”

ಕಿಟಕಿಗಳು ತೆರೆದವು. ಯಾರೂ ನಗಲಿಲ್ಲ. ಮೇವಿಸ್ ಹೊರಗೆ ಬಂದಳು.

“ಸರಿ. ಶುರುಮಾಡು.”

“ಏನ್ ಶುರುಮಾಡ್ಲಿ?” ಅವನು ಮೆಟ್ಟಿಲನ್ನು ಬೂಟಿನಿಂದ ಕೆರೆದ. ಹಿಮ ಗಟ್ಟಿಯಾಗಿ ಕೂತಿತ್ತು. “ಇನ್ನು ಏಪ್ರಿಲ್‌ಗೇ.”

ಅವಳು ಅಡ್ಡಗಲ್ಲಿನ ಬಿರುಕನ್ನು ನೋಡಿದಳು.

“ಮುಂಚೇನೇ ಹೇಳ್ಬಾರ್ದಿತ್ತಾ?”

“ನೀನು ಮುಂಚೇನೇ ಕೇಳ್ಬಾರ್ದಿತ್ತಾ?” ಎಂದ ವಿಲ್ಫ್.