ಟೇಪ್ ಸುತ್ತಿದ ಹೆಬ್ಬೆರಳು

ಭಾನುವಾರ ಬೆಳಗ್ಗೆ ಏಳಕ್ಕೆ ಅಪ್ಪ, ನಾನು ರಾಜಾಜಿನಗರದ ಒಂದು ದರ್ಶಿನಿಗೆ ಹೋಗುತ್ತಿದ್ದೆವು. ಒಂದು ಚೌಚೌ ಬಾತ್, ಎರಡು ಚಮಚ, ಆಮೇಲೆ ಒಂದನ್ನೇ ಇಬ್ಬರಿಗೆ ಹಂಚಿದ ಬೈಟು ಕಾಫಿ. ಕೇಸರಿಬಾತ್ ಅಪ್ಪನದು, ಖಾರಾಬಾತ್ ನನ್ನದು. ವಾರವಿಡೀ ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಲೇತ್ ಸದ್ದಿನ ನಡುವೆ ಸುಮ್ಮನಿರುವ ಅಪ್ಪ ಬಾಯಿ ತುಂಬ ಮಾತಾಡುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಅದನ್ನು ನಿಲ್ಲಿಸಿದ್ದು ನಾನೇ.

ಅಪ್ಪನಿಗೆ ಬಿಪಿ, ಸಕ್ಕರೆ, ರಕ್ತದ ಕೊಬ್ಬು ಎಲ್ಲವೂ ಗಡಿ ದಾಟಿದ್ದವು. ಹೊಟ್ಟೆ ಬೆಳೆದು ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಇವೆಲ್ಲ ಒಟ್ಟಿಗೆ ಬಂದರೆ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ ಎಂದರು ಡಾಕ್ಟರು. ನಾನು ಓದಿದ್ದು ಬಿಕಾಂ. ಆದರೂ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಉರಿಯೂತ ಎಬ್ಬಿಸುತ್ತದೆ, ಆಗ ಲಿವರ್ ಸಿಆರ್‌ಪಿ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಬೂದಿಯ ಕೆಳಗಿನ ಕೆಂಡದ ಹಾಗೆ. ಆ ಕೆಂಡವನ್ನು ಅಳೆಯಬಹುದು ಎಂದು ಗೊತ್ತಾದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಡಾಕ್ಟರನ್ನು ಕೇಳದೆಯೇ ಅಪ್ಪನನ್ನು ಲ್ಯಾಬಿಗೆ ಕರೆದೊಯ್ದೆ. ಸಿಆರ್‌ಪಿ ಸಿಕ್ಕಾಪಟ್ಟೆ ಏರಿತ್ತು.

"ನೋಡಿ ಅಪ್ಪ, ಒಳಗೆ ಬೆಂಕಿ ಬಿದ್ದಿದೆ. ಇನ್ಮೇಲೆ ಭಾನುವಾರದ ತಿಂಡಿ ಬಂದ್."

"ಆಯ್ತು ಡಾಕ್ಟ್ರಮ್ಮ. ಕಾಫಿನೂನಾ?"

"ಕಾಫಿನೂ."

ಅಪ್ಪ ಹಠ ಮಾಡಲಿಲ್ಲ. ಮುಂದಿನ ಭಾನುವಾರದಿಂದ ಪಕ್ಕದ ಶೆಡ್ಡಿನವರ ಜೊತೆ ವಾಕಿಂಗ್ ಶುರು ಮಾಡಿದರು.

ತಿಂಗಳಾದ ಮೇಲೆ ಆ ರಿಪೋರ್ಟನ್ನು ಹೆಮ್ಮೆಯಿಂದಲೇ ಡಾಕ್ಟರ ಮುಂದಿಟ್ಟೆ. ಅವರು ನಂಬರ್ ನೋಡಿ ಹುಬ್ಬೇರಿಸಿದರು, ಆಮೇಲೆ ಅಪ್ಪನ ಹೆಬ್ಬೆರಳಿನ ಕಲೆ ನೋಡಿದರು.

"ಇದೇನಾಗಿತ್ತು?"

"ಕಬ್ಬಿಣದ ಚೂರು ಹೊಕ್ಕಿತ್ತು ಸಾರ್, ಕೀವಾಗಿತ್ತು. ಟೇಪ್ ಸುತ್ಕೊಂಡೆ."

"ಯಾವ ಟೇಪು?"

"ಕರೆಂಟ್ ವೈರಿಗೆ ಸುತ್ತೋದು. ಶೆಡ್ಡಲ್ಲಿ ಎಲ್ರೂ ಅದನ್ನೇ ಸುತ್ತೋದು."

"ಟೆಸ್ಟ್ ಮಾಡಿಸಿದಾಗ ಇತ್ತಾ?"

"ಇತ್ತು ಸಾರ್."

ಡಾಕ್ಟರು ನನ್ನ ಕಡೆ ತಿರುಗಿದರು. "ಮೈಯಲ್ಲಿ ಎಲ್ಲಿ ಕೀವಿದ್ರೂ ಇದು ಏರುತ್ತಮ್ಮ. ಬೆರಳಿನ ತಪ್ಪನ್ನೆಲ್ಲ ಹೊಟ್ಟೆ ಮೇಲೆ ಹಾಕಿದೀಯ."

ಮತ್ತೆ ಟೆಸ್ಟ್ ಮಾಡಿಸಿದಾಗ ಬಹಳ ಇಳಿದಿತ್ತು, ಪೂರ್ತಿ ಇಳಿದಿರಲಿಲ್ಲ. ಉಳಿದದ್ದು ಹೊಟ್ಟೆಯದೇ ಇರಬಹುದು ಎಂದರು. ನಾನು ಓದಿದ್ದು ಸುಳ್ಳಾಗಿರಲಿಲ್ಲ. ಅಪ್ಪನ ಕೈ ನೋಡಿರಲಿಲ್ಲ, ಅಷ್ಟೇ. ದರ್ಶಿನಿಗೆ ಹೋದ ಕೊನೆಯ ಭಾನುವಾರ ಅವರು ಹೆಬ್ಬೆರಳು ತಾಗಿಸದೆ ಕಾಫಿ ಲೋಟ ಹಿಡಿದಿದ್ದರು. ಕಪ್ಪು ಟೇಪು ಕಣ್ಣೆದುರೇ ಇತ್ತು. ನಾನು ಅವರ ಬೆಲ್ಟ್ ನೋಡುತ್ತಿದ್ದೆ.

ಮೊನ್ನೆ ಭಾನುವಾರ ಅಪ್ಪ ವಾಕಿಂಗಿಗೆ ಶೂ ಕಟ್ಟುತ್ತಿದ್ದಾಗ ಕೇಳಿದೆ. "ಸಕ್ಕರೆ ಇಲ್ದೆ ಒಂದ್ ಬೈಟು ಕುಡಿಯೋಣ್ವಾ ಅಪ್ಪ? ಡಾಕ್ಟ್ರು ಬೇಡ ಅಂದಿಲ್ಲ."

"ಸಕ್ಕರೆ ಇಲ್ದಿದ್ರೆ ಅದಕ್ಕೆ ಕಷಾಯ ಅಂತಾರೆ ಕಣೇ." ನಕ್ಕರು. "ಅಭ್ಯಾಸ ತಪ್ಪೋಯ್ತು. ಅವ್ರು ಕಾಯ್ತಿರ್ತಾರೆ, ಬರ್ತೀನಿ."

ಬೆಲ್ಟು ಹಳೆಯ ತೂತಿಗೆ ವಾಪಸಾಗಿದೆ. ನನಗೆ ಬೇಕಿದ್ದದ್ದೂ ಅದೇ. ಆದರೂ ಭಾನುವಾರ ಏಳು ಗಂಟೆಯಾದರೆ ಬಾಯಿಗೆ ಅಪ್ಪನ ಪಾಲಿನ ಕೇಸರಿಬಾತೇ ಬೇಕೆನಿಸುತ್ತದೆ. ಅವರು ಶೆಡ್ಡಿನ ಕತೆ ಹೇಳುತ್ತಿರುವಾಗ ಅಂಚಿನಿಂದ ಕದ್ದು ತಿನ್ನುತ್ತಿದ್ದೆ.